ಮಡಿಕೇರಿಗೆ ಬರುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಬ್ಯಾಂಕಿನ ವರ್ಗಾವಣೆ ಆರ್ಡರ್ ಕೈಗೆ ಬಂತು ಅಂದೆ. ಜೂನ್‌ನಲ್ಲೇ ಮಡಿಕೇರಿಗೆ ಹೋಗಿ ಜಾಯಿನ್ ಆಗು ಅಂದವರಿಗೆ ಇಲ್ಲಿನ ಮಳೆ ಗೊತ್ತಿದ್ದಂತಿಲ್ಲ! ರೂಮು, ಬಾಡಿಗೆ, ಗ್ಯಾಸ್ ವಿಷಯ ಫೋನ್‌ನಲ್ಲಿ ಮಾತಾಡೋಣ. "ಅಲ್ಲಿ ಯಾರೂ ಗೊತ್ತಿಲ್ಲ, ಭಾನುವಾರ ಬಂದರೆ ಏನು ಮಾಡಲಿ?" ಅಂತ ಕೇಳಿದ್ದೀಯಲ್ಲ, ಅದಕ್ಕೆ ಈ ಪತ್ರ.

ಕೆಲಸಕ್ಕೆ ಅಂತ ಹೊರಗಿನಿಂದ ಬಂದ ನಮ್ಮಂಥವರು ಇಲ್ಲಿ ಕಡಿಮೆಯೇನಿಲ್ಲ. ಬ್ಯಾಂಕಿನವರು, ಮೆಡಿಕಲ್ ಕಾಲೇಜಿನ ಡಾಕ್ಟರು, ನರ್ಸುಗಳು, ಮೇಷ್ಟ್ರುಗಳು, ಎಂಜಿನಿಯರುಗಳು. ವಾಟ್ಸಾಪ್ ಗುಂಪೂ ಇದೆ, ಸೇರಿಸುತ್ತೇನೆ. ಮನೆ ಹುಡುಕಲು, ಮೈಸೂರಿಗೆ ಯಾರ ಕಾರಿನಲ್ಲಿ ಜಾಗ ಇದೆ ಅಂತ ಕೇಳಲು ಅದು ಚೆನ್ನಾಗಿದೆ. ಆದರೆ ಅದನ್ನೇ ನಂಬಿ ಕೂರಬೇಡ. ಎರಡನೇ, ನಾಲ್ಕನೇ ಶನಿವಾರ ಬಂದರೆ ಎಲ್ಲರೂ ಬ್ಯಾಗ್ ಹಿಡಿದು ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ. ಕೊಡಗು ಜಿಲ್ಲೆಯಲ್ಲಿ ರೈಲಿಲ್ಲ, ಹಾಗಾಗಿ ಬಸ್ಸೇ ಗತಿ. ಉಳಿದ ದಿನ ಮಾತೆಲ್ಲ ಒಂದೇ: ಮುಂದಿನ ವರ್ಗಾವಣೆ ಯಾವಾಗ? ಬಂದ ಹೊಸದರಲ್ಲಿ ಆ ಮಾತು ಕೇಳಿಸಿಕೊಂಡರೆ ಊರು ರುಚಿಸುವುದೇ ಇಲ್ಲ.

ಇಲ್ಲಿನವರ ಜೊತೆ ಬೆರೆಯುವುದು ಬೇರೆಯೇ ಲೆಕ್ಕ. ಪೇಟೆಯಿಂದ ಹೊರಗೆ ಹೋದರೆ ಮನೆಗಳೆಲ್ಲ ಕಾಫಿ ತೋಟದ ಒಳಗೆ. ಪಕ್ಕದ ಮನೆ ಅಂದರೆ ಕಣ್ಣಿಗೆ ಕಾಣದಷ್ಟು ದೂರ. ಅಚಾನಕ್ಕಾಗಿ ಯಾರೂ ಎದುರಾಗುವುದಿಲ್ಲ, ಹೋಗಬೇಕು ಅಂತಲೇ ಹೋಗಬೇಕು. ಮತ್ತೆ ಇಲ್ಲಿ ಕೊಡವರು ಪರಸ್ಪರ ಕೇಳುವ ಮೊದಲ ಪ್ರಶ್ನೆ "ಯಾವ ಮನೆಯವರು?" ಹೆಸರಿನ ಮುಂದೆಯೇ ಮನೆತನ ಇರುತ್ತದೆ. ನಿನಗೆ ಆ ಉತ್ತರ ಇಲ್ಲ, ನನಗೂ ಇಲ್ಲ.

ಕೊಡವ ಮನೆತನಗಳ ನಡುವಿನ ಹಾಕಿ ಹಬ್ಬವನ್ನೇ ನೋಡು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬಗಳ ತಂಡ ಸೇರಿಸಿ ಶುರುಮಾಡಿದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360 ತಂಡ! ಒಂದೇ ಮನೆತನದ ಅಜ್ಜ, ಮೊಮ್ಮಗ, ಸೊಸೆ ಎಲ್ಲರೂ ಒಂದೇ ತಂಡದಲ್ಲಿ. ನೀನು ಕಾಲೇಜಿನಲ್ಲಿ ಎಷ್ಟು ಚೆನ್ನಾಗಿ ಆಡಿದ್ದರೂ ಅಲ್ಲಿ ನಿನಗೆ ಸ್ಟಿಕ್ ಸಿಗುವುದಿಲ್ಲ. ಆದರೆ ಗ್ಯಾಲರಿಗೆ ಯಾವ ಮನೆತನದ ಅಡ್ಡಿಯೂ ಇಲ್ಲ. ನಿನ್ನ ಆಫೀಸಿನಲ್ಲಿ ಯಾರದಾದರೂ ಮನೆ ತಂಡ ಆಡೇ ಆಡುತ್ತದೆ. ಅವರ ಜೊತೆ ಹೋಗು, ಗಂಟಲು ಹರಿಯುವಂತೆ ಕೂಗು. ಮರುದಿನ ನಿನ್ನ ಕೌಂಟರಿನ ಮುಂದೆ ಕಥೆಯೇ ಬೇರೆ.

ನನಗನ್ನಿಸುವುದು ಇಷ್ಟೇ. ಇಲ್ಲಿ ನಾವು ಮನೆಯವರಾಗಲು ಆಗುವುದಿಲ್ಲ, ನೆಂಟರಾಗಬಹುದು. ಅದರಲ್ಲಿ ಬೇಜಾರೇನಿಲ್ಲ. ಕರೆದರೆ ಹೋಗಬೇಕು ಅಷ್ಟೇ. ಮದುವೆಗೆ ಕರೆದರೆ ಊಟ ಮುಗಿಸಿ ಓಡಿ ಬರಬೇಡ. ವಾಲಗ ಶುರುವಾದರೆ ಕುಣಿ. ನೀನು ಸಸ್ಯಾಹಾರಿ ಅಂತ ಮೊದಲೇ ಹೇಳಿಬಿಡು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಕ್ಕಿ ತರಿಯ ಉಂಡೆ ಕಡಂಬುಟ್ಟಿನ ಜೊತೆ ಹಂದಿ ಮಾಂಸದ ಪಂದಿಕರಿಯೇ ಬೇಕು ಅಂತಿಲ್ಲ, ಮಳೆಗಾಲದಲ್ಲಿ ಎಳೆ ಬಿದಿರಿನ ಬೈಂಬಳೆ ಕರಿ ಸಿಕ್ಕಿದರೆ ನೀನೇ ಇನ್ನೊಂದು ಸಲ ಬಡಿಸಿಕೊಳ್ಳುತ್ತೀಯ. ಸುಗ್ಗಿ ಹಬ್ಬ ಪುತ್ತರಿಗೆ ಕರೆದರಂತೂ ತಪ್ಪಿಸಬೇಡ. ರಾತ್ರಿ ಗದ್ದೆಗೆ ಹೋಗಿ, ಕೋವಿ ಹಾರಿಸಿ, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಹೊಸ ಭತ್ತದ ಕದಿರು ತರುವಾಗ ನಿನ್ನ ದನಿಯೂ ಸೇರಲಿ. ಸಾವಿನ ಮನೆಗೆ ಕರೆಯುವುದಿಲ್ಲ, ತಿಳಿದು ಹೋಗಬೇಕು. ಅದಕ್ಕಾದರೂ ಬೆಳಿಗ್ಗೆ 'ಶಕ್ತಿ' ಪತ್ರಿಕೆ ಓದು. 1957ರಿಂದ ಬರುತ್ತಿದೆ. ಯಾರು ತೀರಿಕೊಂಡರು, ಎಲ್ಲಿ ಕರೆಂಟ್ ಇರುವುದಿಲ್ಲ, ಯಾವ ಮ್ಯಾಚ್ ಎಲ್ಲಿ, ಎಲ್ಲ ಅದರಲ್ಲಿ ಸಿಗುತ್ತದೆ.

ಮಾತು ಶುರುಮಾಡುವುದು ಹೇಗೆ ಅಂತೀಯಾ? "ನಿಮ್ಮ ಕಡೆ ಎಷ್ಟು ಇಂಚು ಬಿತ್ತು?" ಅಂತ ಕೇಳು. ತೋಟದವರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟಿರುತ್ತಾರೆ. ಫೆಬ್ರವರಿ, ಮಾರ್ಚ್ ಹೊತ್ತಿನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಫಸಲು ಕಡಿಮೆ, ನಿನ್ನ ಬ್ಯಾಂಕಿಗೆ ಸಾಲ ವಾಪಸ್ ಬರುವುದೂ ನಿಧಾನ. ಹಾಗಾಗಿ ಸುಮ್ನೆ ಕೇಳಿದ ಪ್ರಶ್ನೆ ಅಂತ ಅವರಿಗೂ ಅನ್ನಿಸುವುದಿಲ್ಲ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಜೋರು, ಆಗ ಮಾತ್ರ ಯಾರನ್ನೂ ಕಾಡಬೇಡ.

ಮಳೆಗಾಲ ಕಷ್ಟ, ಸುಳ್ಳು ಹೇಳುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಅಂಗಡಿ ಬೇಗ ಮುಚ್ಚುತ್ತದೆ, ಕರೆಂಟ್ ಇದ್ದರೆ ಇದೆ. ಮೊದಲ ತಿಂಗಳು ರಜೆ ಹಾಕಿ ಊರಿಗೆ ಓಡಬೇಡ. ಒಂದು ಶನಿವಾರ, ಭಾನುವಾರ ಇಲ್ಲೇ ಉಳಿ, ಸಂಜೆ ಶಟಲ್ ಆಡುವವರ ಜೊತೆ ನಿನ್ನನ್ನು ಸೇರಿಸುತ್ತೇನೆ. ಅವರಲ್ಲಿ ಅರ್ಧ ಜನ ಇಲ್ಲಿಯವರೇ, ಅರೆಭಾಷೆ, ಕೊಡವ ತಕ್ಕ್, ಬ್ಯಾರಿ ಎಲ್ಲ ಕೇಳಿಸುತ್ತದೆ. ಪಾಯಿಂಟ್ ವಿಷಯಕ್ಕೆ ಜಗಳ ಬಂದರೆ ಮಾತ್ರ ಎಲ್ಲರೂ ಕನ್ನಡಕ್ಕೆ ಬರುತ್ತಾರೆ.

ರೂಮ್ ಸಿಗುವವರೆಗೆ ನನ್ನಲ್ಲೇ ಇರು. ಗಟ್ಟಿಯಾದ ಕೊಡೆ ತಾ, ಮಡಚುವ ಕೊಡೆ ಇಲ್ಲಿ ಒಂದು ವಾರವೂ ಬಾಳುವುದಿಲ್ಲ. ಅಮ್ಮ ಮಾಡಿದ ಶೇಂಗಾ ಚಟ್ನಿಪುಡಿ ಜಾಸ್ತಿಯೇ ಕಟ್ಟಿಸಿಕೊಂಡು ಬಾ. ಶಟಲ್ ಹುಡುಗರು ಆಗಲೇ ಕೇಳುತ್ತಿದ್ದಾರೆ.

ನಿನ್ನ ಗೆಳೆಯ