ನಮ್ಮ ಐನ್‌ಮನೆಯನ್ನು ಓದಿದ ಶ್ರೀನಿವಾಸ್

ಮಡಿಕೇರಿ

ಪ್ರೀತಿಯ ಪೊನ್ನಪ್ಪ,

ಮಗಳು ಸಮಾಜಶಾಸ್ತ್ರ ಎಂ.ಎ.ಗೆ ಸೇರಿದ್ದಾಳೆ, ಅವಳ ಪಠ್ಯದಲ್ಲಿ ನಮ್ಮ ಕೊಡಗೇ ಬಂದಿದೆ, ಯಾರು ಈ ಎಂ.ಎನ್. ಶ್ರೀನಿವಾಸ್ ಎಂದು ಕೇಳಿದ್ದೀಯ. ನನಗೆ ಇದಕ್ಕಿಂತ ಇಷ್ಟದ ಪ್ರಶ್ನೆ ಇನ್ನೊಂದಿಲ್ಲ.

ಅವರು ಹೆಸರಾಂತ ಸಮಾಜಶಾಸ್ತ್ರಜ್ಞ, 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ ಜಿ.ಎಸ್. ಘುರ್ಯೆ ಅವರ ಶಿಷ್ಯರು. ಕೊಡಗಿನಲ್ಲಿ ಸುತ್ತಾಡಿ ಕಲೆಹಾಕಿದ್ದನ್ನು ಆಕ್ಸ್‌ಫರ್ಡ್‌ನಲ್ಲಿ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್ ಮಾರ್ಗದರ್ಶನದಲ್ಲಿ ಹೊಸದಾಗಿ ನೋಡಿದರು. ಅದೇ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಪುಸ್ತಕವಾಗಿ ಬಂತು.

ಹೊಸ ಭತ್ತ ಮನೆಗೆ ತರುವ ಪುತ್ತರಿಯ ರಾತ್ರಿ ನೆನಪಿಸಿಕೊ. ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಎಲೆಗಳ ನೆರೆ ಕಟ್ಟಿ, ಎಲ್ಲರೂ ಒಟ್ಟಾಗಿ ಗದ್ದೆಗೆ ಹೋಗಿ, ಕೋವಿ ಹಾರಿಸಿ, 'ಪೊಲಿ ಪೊಲಿ ದೇವಾ' ಎಂದು ಕೂಗುತ್ತಾ ಕದಿರು ತರುತ್ತೇವೆ. ನಮಗೆ ಅದು ಹಬ್ಬ. ಬೇರೆ ಬೇರೆ ಒಲೆ ಹೂಡಿದ ದಾಯಾದಿಗಳನ್ನು ಒಂದೇ ದೀಪದ ಮುಂದೆ ನಿಲ್ಲಿಸಿ, ನೀವೆಲ್ಲ ಒಂದೇ ಒಕ್ಕ, ಒಂದೇ ಮನೆತನ ಎಂದು ಮತ್ತೆ ಮತ್ತೆ ಹೇಳುವ ಕೆಲಸ ಇಂಥ ಆಚರಣೆಗಳದ್ದು ಎಂಬುದನ್ನು ಶ್ರೀನಿವಾಸ್ ಕಂಡರು. ಶಾಸ್ತ್ರಗ್ರಂಥ ಏನು ಹೇಳುತ್ತದೆ ಎನ್ನುವುದಕ್ಕಿಂತ ಜನ ಏನು ಮಾಡುತ್ತಾರೆ ಎನ್ನುವುದೇ ಅವರಿಗೆ ಮುಖ್ಯ. ಅವರ ದೊಡ್ಡತನ ಅಲ್ಲಿದೆ ಎನ್ನುತ್ತೇನೆ ನಾನು.

ಕೆಳಗಿನ ಜಾತಿಯೊಂದು ಮಾಂಸ, ಮದ್ಯ ಬಿಟ್ಟು, ಮೇಲಿನವರ ಆಚಾರ ಹಿಡಿದು ಒಂದೆರಡು ತಲೆಮಾರಿನಲ್ಲಿ ಮೇಲೇರುವುದಕ್ಕೆ 'ಸಂಸ್ಕೃತೀಕರಣ' ಎಂದು ಹೆಸರಿಟ್ಟದ್ದೂ ಆ ಪುಸ್ತಕದಲ್ಲೇ. ಒಕ್ಕದ ಮೂಲಪುರುಷ ಗುರು ಕಾರೋಣನಿಗೆ ಮಾಂಸ, ಮದ್ಯ ಎಡೆಯಿಡುವ ನಮ್ಮ ನಾಡಿನ ಅಧ್ಯಯನದಿಂದ ಆ ಮಾತು ಹೊರಟಿತು! ಸಂಖ್ಯೆ, ಜಮೀನುಗಳ ಬಲದಿಂದ ಊರಿನ ಮೇಲೆ ಹಿಡಿತವಿರುವ ಜಾತಿಗೆ 'ಪ್ರಬಲ ಜಾತಿ' ಎನ್ನುವ ಮಾತು, 'ವೋಟ್ ಬ್ಯಾಂಕ್' ಎಂಬ ಮಾತು, ಇವೂ ಅವರಿಂದಲೇ ಚಾಲ್ತಿಗೆ ಬಂದವು.

ನನ್ನದೊಂದು ತಕರಾರೂ ಇದೆ. ಒಕ್ಕದ ಒಗ್ಗಟ್ಟನ್ನು ಅಷ್ಟು ಪ್ರೀತಿಯಿಂದ ಬರೆದವರು, ಅದೇ ಒಕ್ಕದ ಗದ್ದೆಗಳಲ್ಲಿ ಬೆವರು ಸುರಿಸಿದವರ ಕಣ್ಣಿನಿಂದ ಅಷ್ಟೇ ಹೊತ್ತು ನೋಡಬೇಕಿತ್ತು.

1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು, ಮೈಸೂರು ಸೀಮೆಯ ರಾಂಪುರದ ಬಗ್ಗೆ ವರ್ಷಗಟ್ಟಲೆ ತಿದ್ದಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಎದೆಗುಂದಿ ಕೂರದೆ ನೆನಪಿನಿಂದಲೇ ಬರೆದರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೊರಬಂತು. ಊರಿನ ಜನ ಹೆಸರು, ಗುಣ, ಜಗಳಗಳ ಸಮೇತ ಅದರಲ್ಲಿ ಓಡಾಡುತ್ತಾರೆ. ಮಗಳು ಮೊದಲು ಇದನ್ನೇ ಓದಲಿ, ಕೊಡಗಿನ ಪುಸ್ತಕ ಆಮೇಲೆ.

ಈ ಸಲ ಪುತ್ತರಿಗೆ ಅವಳನ್ನು ಕರೆದುಕೊಂಡು ಬಾ. ಐನ್‌ಮನೆಯ ಹಿರಿಯರನ್ನೂ, ತೋಟದ ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಯವರನ್ನೂ ಕೇಳಿ ಬರೆದುಕೊಳ್ಳಲಿ. ನೋಟ್‌ಬುಕ್ ನಾನು ಕೊಡಿಸುತ್ತೇನೆ.

ನಿನ್ನ,
ಬೋಪಯ್ಯ