ಅಕ್ಕನ ವಿಚಾರಕ್ಕೆ ಅಮ್ಮನಿಗೆ ಬರೆದಿದ್ದು

ಹೈಡೆಲ್‌ಬರ್ಗ್
ಭಾನುವಾರ ಮಧ್ಯಾಹ್ನ

ಅಮ್ಮಾ,

ನಾನಿಲ್ಲಿ ಕ್ಷೇಮ. ನೀನು, ಅಪ್ಪ, ಅಜ್ಜಿ, ಮಧು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಹುರಿಹಿಟ್ಟು ಎಲ್ಲ ಬಂದು ಸೇರಿತು. ಡಬ್ಬಿಯ ಕೆಳಗೆ ಮಡಚಿಟ್ಟಿದ್ದ ನಿನ್ನ ಪತ್ರವೂ ಸಿಕ್ಕಿತು. ಒಂದಿಷ್ಟು ಎಣ್ಣೆ ಹಿಡಿದಿತ್ತು, ಆದರೆ ಓದಲು ತೊಂದರೆಯಾಗಲಿಲ್ಲ. ಫೋನಿನಲ್ಲಿ ಹೇಳಬಾರದಿತ್ತಾ ಅಂತ ಕೇಳುವುದಿಲ್ಲ. ಸ್ಪೀಕರಿಗೆ ಹಾಕಿಕೊಂಡು ಇಡೀ ಮನೆ ಸುತ್ತ ಕೂತಿರುತ್ತದೆ, ನನಗೆ ಗೊತ್ತು. ಅದಕ್ಕೇ ನಾನೂ ಬರೆಯುತ್ತಿದ್ದೇನೆ. ನಾಳೆ ಶ್ರುತಿ ಊರಿಗೆ ಹೊರಡುತ್ತಾಳೆ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಮೊದಲು ನೀನು ಕೇಳಿದ್ದಕ್ಕೆಲ್ಲ ಉತ್ತರ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಚಳಿಗೆ ದಪ್ಪ ಜಾಕೆಟ್ ಇದೆ. ಮನೆ ಬೆಚ್ಚಗಿದೆ. ಅಕ್ಕಪಕ್ಕದವರು ಒಳ್ಳೆಯವರು, ಭಾನುವಾರ ಮಾತ್ರ ಸ್ವಲ್ಪ ಕಷ್ಟ. ಅವತ್ತು ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಮನೆಯಲ್ಲಿ ಜೋರಾಗಿ ಮಿಕ್ಸಿ ಹಾಕುವ ಹಾಗೂ ಇಲ್ಲ. ಹೋದ ವಾರ ದೋಸೆಗೆ ರುಬ್ಬೋಣ ಅಂತ ಕೂತರೆ ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಬೈಯುತ್ತಾರೆ ಅಂದುಕೊಂಡೆ. ಬೈದರು, ನಿಜ, ಆಮೇಲೆ ಮಂಡಿ ನೋವಿಗೆ ಏನು ಮಾಡಬೇಕು ಅಂತಲೂ ಕೇಳಿದರು! ಇಲ್ಲಿ ಪಿಎಚ್‌ಡಿ ಆದವರ ಕಾಲಿಂಗ್ ಬೆಲ್ ಪಕ್ಕ ಹೆಸರಿನ ಜೊತೆ 'ಡಾಕ್ಟರ್' ಅಂತ ಬರೆಯುತ್ತಾರೆ. ಮನೆ ಓನರ್ ನನ್ನ ಹೆಸರಿಗೂ ಹಾಗೇ ಬರೆಸಿದ್ದಾರೆ. ನಾನು ನೊಣಗಳ ಡಾಕ್ಟರ್ ಅಂತ ಹೇಳಿದೆ. ಅಜ್ಜಿ ನಂಬಲಿಲ್ಲ.

ನಮ್ಮ ಲ್ಯಾಬಿನಲ್ಲಿ ಸಾಕುವ ನೊಣಗಳ ಯೋಗಕ್ಷೇಮವನ್ನೂ ಕೇಳಿದ್ದೀಯ. ಅವಕ್ಕೆ ಇಲ್ಲಿ ನಮ್ಮ ಬೆಲ್ಲದ ಭಾಗ್ಯ ಇಲ್ಲಮ್ಮ. ಮೈಸೂರಿನಲ್ಲಿ, ಮಾನಸಗಂಗೋತ್ರಿಯಲ್ಲಿ, ರವೆ, ಬೆಲ್ಲ, ಅಗರ್ ಹಾಕಿ ಅವುಗಳ ಊಟ ಕುದಿಸುತ್ತಿದ್ದೆವು. ತಳ ಹಿಡಿಯದ ಹಾಗೆ ಒಬ್ಬರು ತಿರುವುತ್ತಲೇ ಇರಬೇಕಿತ್ತು. ಕಾರಿಡಾರೆಲ್ಲ ಕೇಸರಿಬಾತಿನ ವಾಸನೆ, ಕೊನೆಗೆ ಬೂಷ್ಟು ಹಿಡಿಯದಿರಲಿ ಅಂತ ಪ್ರೊಪಿಯೋನಿಕ್ ಆಸಿಡ್ ಹಾಕಿದ ಕೂಡಲೇ ಹಸಿವೆಲ್ಲ ಹೋಗುತ್ತಿತ್ತು. ಇಲ್ಲಿ ಮೆಕ್ಕೆಜೋಳದ ಹಿಟ್ಟು, ಯೀಸ್ಟು, ಸಕ್ಕರೆಗೆಡ್ಡೆಯ ಕಪ್ಪು ಪಾಕ. ಅದನ್ನು ಬೇಯಿಸಲು ಬೇರೆ ಅಡುಗೆಮನೆ, ಬೇರೆ ಜನ. ಬೆಳಿಗ್ಗೆ ಹೋದರೆ ಟ್ರೇ ತುಂಬ ಬಾಟಲಿಗಳು ರೆಡಿ. ನಮಗೆ ತಿರುವುವ ಕೆಲಸವೇ ಇಲ್ಲ.

ಸರಿ, ಈಗ ಅಕ್ಕನ ವಿಷಯ.

ನೀನು ಬರೆದಿದ್ದನ್ನು ಎರಡೆರಡು ಸಲ ಓದಿದೆ. ಅಕ್ಕ ಮತ್ತೆ ಲ್ಯಾಬಿಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ, ಭಾವ ಹೂಂ ಅನ್ನುವುದಿಲ್ಲ ಉಹೂಂ ಅನ್ನುವುದಿಲ್ಲ, ಅವಳ ಅತ್ತೆ ನಿನಗೆ ಫೋನ್ ಮಾಡಿ 'ನಿಮ್ಮ ಮಗಳಿಗೆ ನಮ್ಮ ಮನೆಯಲ್ಲಿ ಏನು ಕಮ್ಮಿಯಾಗಿದೆ' ಅಂದರು, ಚಿನ್ನುಗೆ ನೆಗಡಿ ಬಿಟ್ಟಿಲ್ಲ, ನಿನ್ನ ಮಂಡಿಗೆ ಬೆಂಗಳೂರಿನ ಮೆಟ್ಟಿಲು ಹತ್ತಲು ಆಗಲ್ಲ. ಕೊನೆಗೆ, 'ನಿನ್ನ ಮಾತು ಕೇಳುತ್ತಾಳೆ, ನೀನೇ ಒಂದು ಮಾತು ಹೇಳಿ ಬಿಡಿಸು'.

ಅಮ್ಮಾ, ಆ ಒಂದು ಮಾತು ನನ್ನಿಂದ ಆಗುವುದಿಲ್ಲ. ಕೋಪ ಮಾಡಿಕೊಳ್ಳಬೇಡ, ಪೂರ್ತಿ ಓದು.

ಅಕ್ಕ ಪಿಎಚ್‌ಡಿ ಮಾಡುವಾಗ ನಮ್ಮ ತೋಟದ ಮಣ್ಣನ್ನೇ ಕವರಿನಲ್ಲಿ ತುಂಬಿಕೊಂಡು ಹೋಗುತ್ತಿದ್ದಳು, ನೆನಪಿದೆಯಾ? ಯಾವ ಮರದ ಬುಡದ್ದು ಅಂತ ಪ್ರತಿ ಕವರಿನ ಮೇಲೂ ಮಾರ್ಕರಿನಲ್ಲಿ ಬರೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಕಂಡಕ್ಟರ್ ಕೇಳಿದ್ದಕ್ಕೆ ಅಪ್ಪ 'ತೆಂಗಿನ ಬೇರಿನ ಬ್ಯಾಕ್ಟೀರಿಯಾ ಸಾರ್' ಅಂತ ಎಷ್ಟು ಜಂಬದಿಂದ ಹೇಳಿದ್ದರು! ನಮ್ಮ ಮನೆಯಲ್ಲಿ ನಿಜವಾದ ಸೈಂಟಿಸ್ಟ್ ಅವಳೇ. ನಾನು ಅವಳ ಹಿಂದೆ ಹೋದವಳು.

ಅವಳಿಗೆ ವಿದ್ಯೆ ಮರೆತಿಲ್ಲ, ಧೈರ್ಯವೂ ಕಮ್ಮಿಯಿಲ್ಲ. ಚಿನ್ನು ಹುಟ್ಟಿದ ಮೇಲೆ ಮನೆಯಲ್ಲಿ ಕೂತಳಲ್ಲ, ಅಷ್ಟರಲ್ಲಿ ಅವಳನ್ನು ಜನ ಮರೆತರು. ತೊಂದರೆ ಇರುವುದು ಅಲ್ಲಿ. ನಮ್ಮ ಕೆಲಸದಲ್ಲಿ ಒಳ್ಳೆಯ ಕೆಲಸ ಮಾಡಿದರೆ ಸಾಲದು. ಯಾರೋ ಒಬ್ಬರು 'ಈ ಹುಡುಗಿ ನನಗೆ ಗೊತ್ತು, ಚೆನ್ನಾಗಿ ಮಾಡುತ್ತಾಳೆ' ಅಂತ ಹೇಳಬೇಕು. ಅಪ್ಪನನ್ನೇ ಕೇಳು. ತಿಪಟೂರು ಮಾರ್ಕೆಟ್ಟಿಗೆ ಹೊಸಬನೊಬ್ಬ ಒಳ್ಳೇ ಕೊಬ್ಬರಿ ತಂದರೂ ಪರಿಚಯದ ಮಂಡಿಯವರಿಲ್ಲದಿದ್ದರೆ ಮೂಟೆ ಬಿಚ್ಚಿ ನೋಡುವವರು ಯಾರು? ಗಂಡಸರಿಗೆ ಈ ಪರಿಚಯ ಹೇಗೋ ಆಗಿಬಿಡುತ್ತದೆ. ಸಂಜೆ ಟೀ ಕುಡಿಯುತ್ತಾ, ಕಾನ್ಫರೆನ್ಸ್ ಮುಗಿದ ಮೇಲೆ ಊಟಕ್ಕೆ ಹೋಗುತ್ತಾ. ಆ ಹೊತ್ತಿಗೆ ಅಕ್ಕ ಮನೆಯಲ್ಲಿ ಚಿನ್ನುವನ್ನು ನೋಡಿಕೊಳ್ಳುತ್ತಿದ್ದಳು.

ಇಲ್ಲಿ ಎಲ್ಲ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಇಲ್ಲೂ ಪಿಎಚ್‌ಡಿಗೆ ಬರುವವರಲ್ಲಿ ಹುಡುಗಿಯರು ತುಂಬಾ, ಪ್ರೊಫೆಸರ್ ಆಗುವ ಹೊತ್ತಿಗೆ ಕಮ್ಮಿಯಾಗಿಬಿಡುತ್ತಾರೆ. ಹೆರಿಗೆ ರಜೆಯ ಲೆಕ್ಕದಲ್ಲಿ ನಮ್ಮ ದೇಶವೇ ಮುಂದೆ. 2017ರಿಂದ ನಮ್ಮಲ್ಲಿ 26 ವಾರ ಆಗಿದೆ, ಇಲ್ಲಿ ಹೆರಿಗೆಗೆ ಮೊದಲು 6 ವಾರ, ಆಮೇಲೆ 8. ಅದಾದ ಮೇಲೆ ಬೇರೆ ರಜೆ ಇದೆ, 3 ವರ್ಷದವರೆಗೂ ತೆಗೆದುಕೊಳ್ಳಬಹುದು, ಗಂಡಂದಿರೂ ತೆಗೆದುಕೊಳ್ಳುತ್ತಾರೆ. ನಮ್ಮ ಲ್ಯಾಬಿನ ಒಬ್ಬ ಆರಡಿ ಎತ್ತರದ ಹುಡುಗ ತಿಂಗಳುಗಟ್ಟಲೆ ಬರಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡರೆ ಮಗು ನೋಡಿಕೊಳ್ಳುತ್ತಿದ್ದನಂತೆ. ಭಾವನಿಗೆ ಇದನ್ನು ಓದಿ ಹೇಳು, ನಾನು ಬರೆದಿದ್ದು ಅಂತ ಹೇಳಬೇಡ.

ಇನ್ನೊಂದು ನನಗೆ ಹಿಡಿಸಿದ್ದು. ಇಲ್ಲಿ ಯೂನಿವರ್ಸಿಟಿಯಲ್ಲಿ ಟೆಂಪರರಿ ಕೆಲಸಕ್ಕೆ ಕಾನೂನಿನ ಗಡುವು ಇದೆ, ಪಿಎಚ್‌ಡಿಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ. ಮಗು ಇದ್ದರೆ ಆ ಗಡುವನ್ನು ಒಂದೊಂದು ಮಗುವಿಗೆ 2 ವರ್ಷ ಮುಂದಕ್ಕೆ ಹಾಕಬಹುದು. ಮಗುವಿಗೆ ಕಾಲ ಬೇಕು ಅಂತ ಕಾಗದದಲ್ಲಿ ಒಪ್ಪಿಕೊಂಡಿದ್ದಾರೆ. ಅಕ್ಕನ ಬಯೋಡೇಟಾದಲ್ಲಿ ಅದೇ ವರ್ಷಗಳನ್ನು ನೋಡಿ ಒಬ್ಬರು ಇಂಟರ್‌ವ್ಯೂನಲ್ಲಿ 'ಇಷ್ಟು ದಿನ ಸುಮ್ನೆ ಇದ್ರಾ' ಅಂತ ಕೇಳಿದರಂತೆ. ಅವಳು ನಿನಗೆ ಹೇಳಿಲ್ಲ. ನನಗೆ ಹೇಳಿ ಅತ್ತಳು.

ನಮ್ಮೂರಿನ ಮೇಲಿನ ಗುಡ್ಡದಲ್ಲಿ, ಕಾಡಿನೊಳಗೆ, ಇಎಂಬಿಎಲ್ ಅಂತ ಜೀವವಿಜ್ಞಾನದ ದೊಡ್ಡ ಸಂಸ್ಥೆ ಇದೆ. ನೋಡು, ಹೈಡೆಲ್‌ಬರ್ಗನ್ನು 'ನಮ್ಮೂರು' ಅಂತ ಬರೆದುಬಿಟ್ಟೆ, ಅಜ್ಜಿಗೆ ಹೇಳಬೇಡ. ಅಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಅಂತ ಒಬ್ಬರು 1978ರಲ್ಲಿ ಕೆಲಸಕ್ಕೆ ಸೇರಿದರು. ಅವರದ್ದೂ ನೊಣವೇ. ಸಣ್ಣದೊಂದು ಜಾಗದಲ್ಲಿ ಜೊತೆಗಾರ ಎರಿಕ್ ವೀಶೌಸ್ ಜೊತೆ ಕೂತು, ಇಬ್ಬರೂ ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನಲ್ಲಿ ಸಾವಿರಾರು ನೊಣದ ಮರಿಹುಳುಗಳನ್ನು ನೋಡಿದರು. ಯಾವ ಜೀನ್ ಕೆಟ್ಟರೆ ದೇಹದ ಯಾವ ಭಾಗ ತಪ್ಪಿಹೋಗುತ್ತದೆ ಅಂತ. 1995ರಲ್ಲಿ ಅದಕ್ಕೇ ನೊಬೆಲ್ ಬಂತು. ನಿನಗೆ ನಾನು ಹೇಳಬೇಕೆಂದಿದ್ದು ನೊಬೆಲ್ ಅಲ್ಲ. 2004ರಲ್ಲಿ ಅವರು ಒಂದು ಟ್ರಸ್ಟ್ ಮಾಡಿದರು. ಅದು ಮಕ್ಕಳಿರುವ ಸೈಂಟಿಸ್ಟ್ ಹುಡುಗಿಯರಿಗೆ ದುಡ್ಡು ಕೊಡುತ್ತದೆ. ಮೈಕ್ರೋಸ್ಕೋಪಿಗಲ್ಲ, ಕೆಮಿಕಲ್ಲಿಗಲ್ಲ. ಮನೆ ಗುಡಿಸಿ ಒರೆಸಲು ಆಳು ಇಟ್ಟುಕೊಳ್ಳಲು, ಸಂಜೆ ಮಗು ನೋಡಿಕೊಳ್ಳುವವರಿಗೆ ಸಂಬಳ ಕೊಡಲು! ಅವರಿಗೆ ಸ್ವಂತ ಮಕ್ಕಳಿಲ್ಲ. ಆದರೂ ಹುಡುಗಿಯರ ಹೊತ್ತು ಎಲ್ಲಿ ಸೋರಿಹೋಗುತ್ತದೆ ಅಂತ ಸರಿಯಾಗಿ ನೋಡಿದ್ದಾರೆ. ಒಂದು ಅಡುಗೆ ಪುಸ್ತಕವನ್ನೂ ಬರೆದಿದ್ದಾರೆ, ಅದು ನಿನಗೆ ಇಷ್ಟವಾಗುತ್ತದೆ.

ಅದಕ್ಕೇ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅಕ್ಕನ ಮನೆಗೆ ಆಯಾ ಇಡುವುದಕ್ಕೆ ಪ್ರತಿ ತಿಂಗಳೂ ನಾನು ದುಡ್ಡು ಕಳಿಸುತ್ತೇನೆ. ಭಾವ ಕೊಡಲಿಲ್ಲ ಅಂತಲ್ಲ, ಅವರ ಮನೆ ಲೋನು ಮುಗಿದಿಲ್ಲ. ನನಗೇನೂ ಕಷ್ಟ ಇಲ್ಲ. ನನ್ನ ಖರ್ಚೆಲ್ಲ ಕಳೆದು ಉಳಿಯುತ್ತದೆ. ನಿಜವಾಗಲೂ ಉಳಿಯುತ್ತದೆ. ಖಾಲಿ ಬಾಟಲಿ ವಾಪಸ್ ಕೊಟ್ಟರೂ ಇಲ್ಲಿ ಒಂದಕ್ಕೆ 25 ಸೆಂಟ್‌ವರೆಗೂ ಕೊಡುತ್ತಾರೆ, ನಾನಂತೂ ಒಂದೂ ಬಿಡುವುದಿಲ್ಲ. ಮದುವೆಗೆ ಅಂತ ಕೂಡಿಡು ಅನ್ನಬೇಡ. ಅದರ ಮಾತು ಈಗ ಬೇಡ, ಒಂದು ಸಲಕ್ಕೆ ಒಬ್ಬ ಮಗಳ ಚಿಂತೆ ಸಾಕು.

ಕೆಲಸದ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ ಬಯೋಟೆಕ್ನಾಲಜಿ ಇಲಾಖೆಯಲ್ಲಿ ಬಯೋಕೇರ್ ಅಂತ ಒಂದು ಯೋಜನೆ ಇದೆ. ಹೆಣ್ಣು ಸೈಂಟಿಸ್ಟುಗಳಿಗೆ ಮಾತ್ರ. ಕೆಲಸ ಬಿಟ್ಟು ಮನೆಯಲ್ಲಿ ಇದ್ದವರೂ ಹಾಕಬಹುದು, 3 ವರ್ಷದ ಪ್ರಾಜೆಕ್ಟ್. ಅಕ್ಕ ಹೇಳುತ್ತಿರುವುದು ಅದನ್ನೇ, ಗಾಳಿಯಲ್ಲಿ ಗೋಪುರ ಕಟ್ಟುತ್ತಿಲ್ಲ. ಅವಳನ್ನು ಕೂರಿಸಿಕೊಂಡು ಜಾಗ ಕೊಡುವ ಲ್ಯಾಬೊಂದು ಬೇಕು, ಅಷ್ಟೇ. ಆ 'ಅಷ್ಟೇ' ಸಿಗುವುದೇ ಕಷ್ಟ.

ಹೋದ ತಿಂಗಳು ಆ ಗುಡ್ಡದ ಮೇಲೆ ಒಂದು ಕಾನ್ಫರೆನ್ಸ್ ಇತ್ತು. ಕಟ್ಟಡ ಡಿಎನ್‌ಎ ಆಕಾರದಲ್ಲಿದೆ, ಎರಡು ಇಳಿಜಾರು ದಾರಿಗಳು ಒಂದಕ್ಕೊಂದು ಸುತ್ತಿಕೊಂಡು ಮೇಲಕ್ಕೆ ಹೋಗುತ್ತವೆ, ಪೋಸ್ಟರುಗಳನ್ನು ಆ ದಾರಿಯ ಉದ್ದಕ್ಕೂ ಹಾಕುತ್ತಾರೆ. ಹತ್ತಿ ಹತ್ತಿ ಕಾಲು ಬಿದ್ದುಹೋಯಿತು. ಒಬ್ಬಳು ಎಳೇ ಮಗುವನ್ನು ಎದೆಗೆ ಕಟ್ಟಿಕೊಂಡು ಪೋಸ್ಟರ್ ಮುಂದೆ ನಿಂತು ಪಟಪಟ ಅಂತ ವಿವರಿಸುತ್ತಿದ್ದಳು. ಮಗು ಗ್ರಾಫಿನ ಮೂಲೆಯನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು. ಕೇಳುತ್ತಿದ್ದ ಪ್ರೊಫೆಸರ್ ಕಾಗದವನ್ನು ಮೆಲ್ಲಗೆ ಬಿಡಿಸಿಕೊಂಡು ಮುಂದಿನ ಪ್ರಶ್ನೆ ಕೇಳಿದರು. ಅಕ್ಕನನ್ನು ನೆನೆದು ಹೊಟ್ಟೆಕಿಚ್ಚಾಯಿತು.

ಅಲ್ಲೇ ಧಾರವಾಡದ ಕಡೆಯವರೊಬ್ಬರು ಸಿಕ್ಕಿದರು. ಬೆಂಗಳೂರಿನಲ್ಲಿ ಸ್ವಂತ ಲ್ಯಾಬ್ ಇದೆ, ಮಣ್ಣಿನ ಬ್ಯಾಕ್ಟೀರಿಯಾ ಮೇಲೇ ಕೆಲಸ. ಸಾಮಾನ್ಯವಾಗಿ ನಾನು ಯಾರನ್ನೂ ಹೋಗಿ ಮಾತಾಡಿಸುವವಳಲ್ಲ, ನಿನಗೆ ಗೊತ್ತಲ್ಲ. ಅವತ್ತು ಹೋದೆ. ಅಕ್ಕನ ಪೇಪರಿನ ಹೆಸರು ಹೇಳಿದೆ. 'ಓ, ತೆಂಗಿಂದು? ಓದೀನಿ ನಾನು. ಆಕಿ ಈಗ ಎಲ್ಲಿದ್ದಾಳ?' ಅಂದರು. ಮನೆಯಲ್ಲಿದ್ದಾಳೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನೂ ಮೂರು ವರ್ಷ ಮನಿಯಾಗ ಇದ್ದೆ' ಅಂದರು. ಜಾಗ ಕೊಡುತ್ತೇನೆ ಅಂತ ಮಾತು ಕೊಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏನು ಮಾಡಬೇಕು ಅಂತಿದ್ದಾಳೋ ಒಂದು ಪುಟದಲ್ಲಿ ಬರೆದು ಕಳಿಸಲಿ, ಬಂದು ಲ್ಯಾಬಿನ ಹುಡುಗರ ಮುಂದೆ ಮಾತಾಡಲಿ ಅಂದರು. ಬೆಂಗಳೂರಿನಲ್ಲಿ ಇಂಡಿಯಾ ಬಯೋಸೈನ್ಸ್ ಅಂತ ಒಂದು ಬಳಗ ಇದೆ, 2009ರಿಂದ ಹೊಸದಾಗಿ ಲ್ಯಾಬ್ ಶುರುಮಾಡುವವರನ್ನೆಲ್ಲ ವರ್ಷಕ್ಕೊಮ್ಮೆ ಸೇರಿಸುತ್ತಾರೆ. ಕೆಲಸದ ಸುದ್ದಿ, ಗ್ರಾಂಟಿನ ಸುದ್ದಿ ಅಲ್ಲಿ ಸಿಗುತ್ತದೆ, ಅದನ್ನೂ ನೋಡುತ್ತಿರಲಿ ಅಂದರು. ಅಕ್ಕನಿಗೆ ಎಲ್ಲ ಹೇಳಿದ್ದೇನೆ. ಅವಳು ಆ ಒಂದು ಪುಟವನ್ನು ಬರೆದು ಹರಿದು ಬರೆದು ಹರಿದು ಕೂತಿದ್ದಾಳೆ. 'ಅಮ್ಮನಿಗೂ ಇಷ್ಟ ಇಲ್ಲ ಅಂದಮೇಲೆ' ಅನ್ನುತ್ತಾಳೆ. ನೋಡಿದೆಯಾ? ಅತ್ತೆ ಅಂದಿದ್ದು ಅವಳಿಗೆ ತಾಗಿಲ್ಲ, ನಿನ್ನದು ತಾಗಿದೆ.

ಅವಳ ಅತ್ತೆ ಮತ್ತೆ ಫೋನ್ ಮಾಡಿದರೆ ಜಗಳ ಬೇಡ. ಕಮಲಾ ಸೊಹೋನಿ ಅಂತ ಒಬ್ಬ ಸೈಂಟಿಸ್ಟ್ ಇದ್ದರು ಅಂತ ಹೇಳು. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಲು ಬಂದರೆ, ಹೆಣ್ಣುಮಕ್ಕಳಿಗೆ ಇಲ್ಲಿ ಜಾಗ ಇಲ್ಲ ಅಂದವರು ಸಾಕ್ಷಾತ್ ಸರ್ ಸಿ.ವಿ. ರಾಮನ್. ಆಕೆ ಪಟ್ಟು ಬಿಡಲಿಲ್ಲ. ಮೊದಲ ವರ್ಷ ಪರೀಕ್ಷೆಗೆ ಇಟ್ಟುಕೊಂಡ ಹಾಗೆ ಷರತ್ತು ಹಾಕಿ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಆಯಿತು. ಆಮೇಲೆ ಬಾಂಬೆಯಲ್ಲಿ ನೀರಾದಲ್ಲಿ ಏನು ಸತ್ವ ಇದೆ ಅಂತ ಕಂಡುಹಿಡಿದು ರಾಷ್ಟ್ರಪತಿ ಪ್ರಶಸ್ತಿ ತಗೊಂಡರು. ಅಕ್ಕನ ಮಾವನವರಿಗೆ ನೀರಾ ಅಂದರೆ ಪ್ರಾಣ ಅಲ್ವಾ, ಅವರ ಕಿವಿಗಾದರೂ ಬೀಳಲಿ.

ಚಿನ್ನುವಿನ ನೆಗಡಿಗೆ ಅಕ್ಕ ಮನೆಯಲ್ಲಿದ್ದರೂ ನೆಗಡಿಯೇ, ಲ್ಯಾಬಿಗೆ ಹೋದರೂ ನೆಗಡಿಯೇ. ಆ ವಯಸ್ಸೇ ಹಾಗೆ. ನೀನು ಬೆಂಗಳೂರಿಗೆ ಹೋಗಿ ಇರಬೇಕಾಗಿಲ್ಲ. ಆಯಾ ಇರುತ್ತಾರೆ, ಬೇಬಿ ಸಿಟ್ಟಿಂಗ್ ಇದೆ, ಭಾವ ಇದ್ದಾರೆ. ಏನೂ ಆಗುವುದಿಲ್ಲ. ನಾನಿದ್ದೇನಲ್ಲ. ಎಲ್ಲ ಸರಿಹೋಗುತ್ತದೆ, ರಾತ್ರಿಯೆಲ್ಲ ಎದ್ದು ಕೂರಬೇಡ, ಬಿ.ಪಿ. ಮಾತ್ರೆ ತಪ್ಪಿಸಬೇಡ. ನನ್ನ ಬಗ್ಗೆಯಂತೂ ಯೋಚನೆಯೇ ಬೇಡ.

ಶ್ರುತಿ ಫೋನ್ ಮೇಲೆ ಫೋನ್ ಮಾಡುತ್ತಿದ್ದಾಳೆ, ಸೂಟ್‌ಕೇಸ್ 23 ಕೆಜಿ ದಾಟಿದೆಯಂತೆ, ನನ್ನದೇನಿದ್ದರೂ ಈಗಲೇ ಕೊಡಬೇಕಂತೆ. ಕವರಿನಲ್ಲಿ ಅಪ್ಪನಿಗೆ ಉಣ್ಣೆ ಕಾಲುಚೀಲ, ಮಧುಗೆ ಚಾಕೊಲೇಟ್, ನಿನ್ನ ಮಂಡಿಗೆ ಕೆಳಗಿನ ಮನೆ ಅಜ್ಜಿ ಕೊಟ್ಟ ಮುಲಾಮು ಇದೆ. ಅದನ್ನು ಹಚ್ಚುವ ಮೊದಲು ಡಾಕ್ಟರಿಗೆ ತೋರಿಸು. ನಿಜವಾದ ಡಾಕ್ಟರಿಗೆ. ಅಪ್ಪನ ಶುಗರ್ ರಿಪೋರ್ಟಿನ ಫೋಟೋ ಮಧು ಕೈಲಿ ಕಳಿಸು, ಹೋದ ಸಲದ್ದು ಅರ್ಧ ಕಾಣಲಿಲ್ಲ. ಅಕ್ಕನಿಗೆ ಇವತ್ತೇ ಫೋನ್ ಮಾಡಿ ಆ ಪುಟ ಕಳಿಸು ಅಂತ ಹೇಳು, ಬೇರೇನೂ ಹೇಳಬೇಡ. ಮುಗಿಸುತ್ತೇನೆ.

ಇಂತಿ,
ನಿನ್ನ ಪುಟ್ಟಿ

ಆಯಾ ದುಡ್ಡಿನ ವಿಷಯ ಅಪ್ಪನಿಗೆ ಮಾತ್ರ ಗೊತ್ತಿರಲಿ, ಭಾವನಿಗೆ ನಾನೇ ಮಾತಾಡುತ್ತೇನೆ.