ಬಿ.ಪಿ. ನೋಡುವ ಮುಂಚೆ ಬಾಯಲ್ಲೇನಿದೆ ಅಂತ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಮೇ ತಿಂಗಳು ಬಂದರೆ ಪತ್ರಿಕೆಗಳಲ್ಲಿ ಎರಡು ಆರೋಗ್ಯ ಪುಟ ತಪ್ಪದೆ ಬರುತ್ತವೆ. 17ಕ್ಕೆ ವಿಶ್ವ ಅಧಿಕ ರಕ್ತದೊತ್ತಡ ದಿನ. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಮಾತ್ರೆ ತಪ್ಪಿಸಬೇಡಿ ಎಂದಿರುತ್ತದೆ. 31ಕ್ಕೆ ವಿಶ್ವ ತಂಬಾಕು ರಹಿತ ದಿನ. ಅವತ್ತು ಬಾಯಿ ಕ್ಯಾನ್ಸರ್, ಗಂಟಲು ಕ್ಯಾನ್ಸರ್. ಎರಡೂ ಹೇಳಬೇಕಾದ ಮಾತುಗಳೇ. ಆದರೆ ಬಿ.ಪಿ. ಪುಟದಲ್ಲಿ ತಂಬಾಕು ಬಂದರೆ "ಧೂಮಪಾನ ಬಿಡಿ" ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಎಲೆ ಅಡಿಕೆ ಜತೆ ಹೊಗೆಸೊಪ್ಪು ಹಾಕುವವರು, ಕಡ್ಡಿಪುಡಿ ಹಾಕುವವರು, ಸುಣ್ಣ ತಂಬಾಕು ತಿಕ್ಕಿ ದವಡೆಗೆ ಇಟ್ಟುಕೊಳ್ಳುವವರು ಆ ಸಾಲು ತಮಗಲ್ಲ ಅಂದುಕೊಂಡು ಪುಟ ತಿರುವುತ್ತಾರೆ. ಈ ಪತ್ರ ಅವರಿಗಾಗಿ. ಅವರ ಬಿ.ಪಿ. ನೋಡುವ ನನ್ನಂಥವರಿಗಾಗಿ ಕೂಡ.

ನಾನು ಚನ್ನಗಿರಿ ತಾಲ್ಲೂಕಿನ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ನಮ್ಮದು ಅಡಿಕೆ ಸೀಮೆ. ಕೊಯ್ಲು ಶುರುವಾದರೆ ಹಸಿ ಅಡಿಕೆ ಕಾಯಬಾರದು. ಅವತ್ತು ಬಂದದ್ದನ್ನು ಅವತ್ತೇ ಸುಲಿಯಬೇಕು, ಬೇಯಿಸಬೇಕು. ಈಗ ಯಂತ್ರಗಳು ಬಂದಿವೆ. ಆದರೂ ಎಷ್ಟೋ ಮನೆಗಳಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ನಡುರಾತ್ರಿವರೆಗೂ ಸುಲಿಯುತ್ತಾರೆ. ಸುಲಿದಷ್ಟಕ್ಕೆ ಕೂಲಿ. ನಿದ್ದೆ ಬರಬಾರದು, ಹಸಿವು ಕಾಡಬಾರದು. ಅದಕ್ಕೆ ಎಲೆ, ಅಡಿಕೆ, ಸುಣ್ಣ, ಒಂದೆಸಳು ಹೊಗೆಸೊಪ್ಪು. ಬೆಳಿಗ್ಗೆ ಅದೇ ಹೆಂಗಸರು ಉಪಕೇಂದ್ರಕ್ಕೆ ಬಿ.ಪಿ. ಮಾತ್ರೆಗೆ ಬರುತ್ತಾರೆ. ಕುರ್ಚಿಯ ಮೇಲೆ ಕೂತು ತೋಳು ಚಾಚುತ್ತಾರೆ. ಮಾತಾಡಿಸಿದರೆ ಹೂಂ ಅನ್ನುತ್ತಾರೆ, ಬಾಯಿ ಬಿಡುವುದಿಲ್ಲ. ಬಾಯಿ ತುಂಬ ಇದೆಯಲ್ಲ!

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಬೀಡಿ ಸಿಗರೇಟು ಸೇದ್ತೀರಾ?" ಹೆಂಗಸರನ್ನಂತೂ ಅದನ್ನೂ ಕೇಳುವುದಿಲ್ಲ. ಕೇಳಿದರೂ "ಅಯ್ಯೋ, ನಾವ್ಯಾಕೆ ಸೇದಾಣ ಸಿಸ್ಟರೇ" ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಚೀಟಿಯಲ್ಲಿ "ತಂಬಾಕು: ಇಲ್ಲ" ಎಂದು ಬಿದ್ದುಬಿಡುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8. ಹೊಗೆ ಇಲ್ಲದ ತಂಬಾಕು ಬಳಸುವವರು ಶೇ 16.3. ಅಂದರೆ ಸೇದುವವರಿಗಿಂತ ಬಾಯಿಗೆ ಹಾಕುವವರೇ ಹೆಚ್ಚುಕಡಿಮೆ ಎರಡರಷ್ಟು. ನಮ್ಮ ಪ್ರಶ್ನೆ ಮಾತ್ರ ಇನ್ನೂ ಬೀಡಿ ಸಿಗರೇಟಿನಲ್ಲೇ ನಿಂತಿದೆ.

ಹೊಗೆಸೊಪ್ಪಿಗೂ ಬಿ.ಪಿ.ಗೂ ಏನು ಸಂಬಂಧ ಅಂತ ಬಹಳ ಜನ ನನ್ನನ್ನು ಕೇಳಿದ್ದಾರೆ. ಹೊಗೆ ಎದೆಗೆ ಹೋದರೆ ತಾನೇ ತೊಂದರೆ, ರಸ ಉಗಿದುಬಿಡುತ್ತೀವಲ್ಲ ಅನ್ನುತ್ತಾರೆ. ತೊಂದರೆ ಹೊಗೆಯಿಂದ ಮಾತ್ರ ಅಲ್ಲ, ತಂಬಾಕಿನಲ್ಲಿರುವ ನಿಕೋಟಿನ್‌ನಿಂದಲೂ ಇದೆ. ಅದು ರಕ್ತಕ್ಕೆ ಸೇರಲು ಹೊಗೆಯೇ ಬೇಕಾಗಿಲ್ಲ. ಕೆನ್ನೆಯ ಒಳಭಾಗದ ತೆಳು ಚರ್ಮದ ಮೂಲಕವೇ ಸೇರುತ್ತದೆ. ಸುಣ್ಣ ಬೆರೆತರೆ ಇನ್ನೂ ಜಾಸ್ತಿ. ಸುಣ್ಣ ಕ್ಷಾರ. ಕ್ಷಾರ ಸೇರಿದಾಗ ನಿಕೋಟಿನ್ ಚರ್ಮ ದಾಟಿ ಒಳಗೆ ಹೋಗುವುದು ಸಲೀಸು. ಸುಣ್ಣ ಕಮ್ಮಿಯಾದರೆ "ಏರಲಿಲ್ಲ" ಅಂತ ಹಾಕುವವರೇ ಹೇಳುತ್ತಾರಲ್ಲ, ಅದಕ್ಕೆ ಕಾರಣ ಇದೇ. ರಸ ಉಗಿಯುವ ಹೊತ್ತಿಗೆ ಒಳಗೆ ಹೋಗಬೇಕಾದದ್ದು ಬೇಕಾದಷ್ಟು ಹೋಗಿಯೇ ಇರುತ್ತದೆ.

ರಕ್ತಕ್ಕೆ ಸೇರಿದ ನಿಕೋಟಿನ್ ನರಗಳನ್ನು ಕೆರಳಿಸುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಹೊರಡಿಸುತ್ತದೆ. ಭಯವಾದಾಗ, ಸಿಟ್ಟು ಬಂದಾಗ ಮೈಯಲ್ಲಿ ಹರಿಯುವುದೂ ಅದೇ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಮೇಲಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಐದು, ಹತ್ತು ಅಂಕಿ. ಕೆಲವರಿಗೆ ಇನ್ನೂ ಜಾಸ್ತಿ. ಸಿಗರೇಟಿನ ನಿಕೋಟಿನ್ ಕೆಲವೇ ನಿಮಿಷಗಳಲ್ಲಿ ಏರಿ ಬೇಗ ಇಳಿಯುತ್ತದೆ. ಬಾಯಲ್ಲಿಟ್ಟ ತಂಬಾಕಿನದು ನಿಧಾನವಾಗಿ ಏರುತ್ತದೆ, ಅರ್ಧ ಗಂಟೆ ಹೊತ್ತಿಗೆ ಮೇಲೆ ಮುಟ್ಟುತ್ತದೆ, ಉಗಿದ ಮೇಲೂ ಸುಮಾರು ಹೊತ್ತು ಉಳಿಯುತ್ತದೆ. ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯಲು ಎರಡು ಗಂಟೆ ಬೇಕು. ಗಂಟೆಗೊಮ್ಮೆ ಎಲೆ ಹಾಕುವವರಿಗೆ ಅದು ಇಳಿಯುವುದಾದರೂ ಯಾವಾಗ? ದವಡೆಯಲ್ಲಿಟ್ಟುಕೊಂಡೇ ಮಲಗುವ ಅಜ್ಜಿಯರನ್ನು ನಾನು ನೋಡಿದ್ದೇನೆ. ನಿದ್ದೆಯಲ್ಲಿ ಎಲ್ಲರ ಬಿ.ಪಿ. ಸ್ವಲ್ಪ ತಗ್ಗಬೇಕು. ಇವರ ರಕ್ತಕ್ಕೆ ಮಲಗಿದಾಗಲೂ ನಿಕೋಟಿನ್ ಸೇರುತ್ತಲೇ ಇರುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹೊಗೆಸೊಪ್ಪು ಹಾಕಿದಾಗ ಆ ಹೊತ್ತಿಗೆ ಬಿ.ಪಿ. ಏರುತ್ತದೆ ಎನ್ನುವುದರಲ್ಲಿ ಅನುಮಾನ ಇಲ್ಲ. ವರ್ಷಗಟ್ಟಲೆ ಹಾಕುವುದರಿಂದಲೇ ಕಾಯಂ ಬಿ.ಪಿ. ಕಾಯಿಲೆ ಬರುತ್ತದೆಯೇ ಎಂಬ ಬಗ್ಗೆ ಮಾತ್ರ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಕೆಲವದರಲ್ಲಿ ಸಂಬಂಧ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಉಪ್ಪು, ವಯಸ್ಸು, ತೂಕ, ಮನೆತನ ಎಲ್ಲವೂ ಜತೆಗಿರುತ್ತವೆ. ಆದರೆ ಹೃದಯದ ವಿಷಯ ಬಂದಾಗ ಸುಮ್ಮನಿರುವ ಹಾಗಿಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ತಂಬಾಕಿನ ಭಾಗ 2006ರಲ್ಲಿ ಪ್ರಕಟವಾಯಿತು. ತಂಬಾಕು ಜಗಿಯುವವರಲ್ಲಿ ಹೃದಯಾಘಾತದ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಆ ಅಧ್ಯಯನದ ಮುಂದಾಳು ಡಾ. ಸಲೀಂ ಯೂಸುಫ್. ಅವರು ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಈಗಾಗಲೇ ಬಿ.ಪಿ. ಇರುವವರು ಅದರ ಮೇಲೆ ಹೊಗೆಸೊಪ್ಪನ್ನೂ ಹಾಕಿದರೆ ಹೃದಯಕ್ಕೆ ಎರಡು ಕಡೆಯಿಂದಲೂ ಪೆಟ್ಟು. ಲಕ್ವ ಹೊಡೆದು ಮಂಚ ಹಿಡಿದವರ ಮನೆಗೆ ಹೋದಾಗ ತಲೆದಿಂಬಿನ ಪಕ್ಕ ಎಲೆ ಅಡಿಕೆ ಚೀಲ ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಅಳತೆಯ ವಿಷಯಕ್ಕೆ ಬರುತ್ತೇನೆ. ಬಿ.ಪಿ. ನೋಡುವ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ತಂಬಾಕು ಯಾವುದೂ ಬೇಡ. ಮೂತ್ರ ಮಾಡಿ ಬಂದಿರಬೇಕು. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಮಾತಾಡದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಎರಡು ಸಲ ನೋಡಬೇಕು. ಇದು ಪುಸ್ತಕದ ಮಾತು, ತರಬೇತಿಯಲ್ಲೂ ಹೇಳುತ್ತಾರೆ. ಹೊರಗೆ ಐವತ್ತು ಜನ ಸಾಲು ನಿಂತಿದ್ದಾಗ, ಆಟೋ ಕಾಯುತ್ತಿದೆ ಅಂತ ಅವಸರ ಮಾಡುವಾಗ ಇದೆಲ್ಲ ನಡೆಯುವುದು ಕಷ್ಟ, ನನಗೆ ಗೊತ್ತು. ಆದರೆ ಪಟ್ಟಿ ಸುತ್ತುವ ಮುಂಚೆ "ಬಾಯಲ್ಲಿ ಏನಿದೆ ಅಮ್ಮಾ?" ಅಂತ ಕೇಳಲು ಎಷ್ಟು ಹೊತ್ತು ಬೇಕು? ಇದ್ದರೆ ಉಗಿಸಿ, ಬಾಯಿ ಮುಕ್ಕಳಿಸಿ, ಸಾಲಿನ ಕೊನೆಗೆ ಕೂರಿಸಿದರಾಯಿತು.

ಹಾಗೆ ಕೂರಿಸಿದ ಒಬ್ಬ ಹೆಂಗಸಿನ ಅಂಕಿ ನನಗೆ ಈಗಲೂ ನೆನಪಿದೆ. ಬಾಯಲ್ಲಿ ಎಲೆ ಇದ್ದಾಗ 162/98. ಬಾಯಿ ತೊಳೆದು, ಒಂದು ಗಂಟೆ ಜಗಲಿ ಮೇಲೆ ಕೂತು ಬಂದಾಗ 148/92. ಇಳಿದಿದ್ದೆಲ್ಲ ಹೊಗೆಸೊಪ್ಪಿನದೇ ಅಂತ ನಾನು ಹೇಳುವುದಿಲ್ಲ. ಸುಮ್ನೆ ಕೂತಿದ್ದರಿಂದಲೂ ಒಂದಿಷ್ಟು ಇಳಿದಿರುತ್ತದೆ. ಕೂತ ಮೇಲೂ 140/90ಕ್ಕಿಂತ ಮೇಲೇ ಇತ್ತು, ಅಂದರೆ ಆಕೆಗೆ ಬಿ.ಪಿ. ಇದ್ದದ್ದು ನಿಜ. ಆದರೆ ಮೊದಲ ಅಂಕಿಯನ್ನೇ ಬರೆದುಕೊಂಡಿದ್ದರೆ ಅಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆ ಸಾಲದು ಎಂದು ಇನ್ನೊಂದು ಮಾತ್ರೆ ಸೇರುತ್ತಿತ್ತು. ಇನ್ನೊಂದು ತಿಂಗಳು ಎಲೆ ಹಾಕದೆ ಬಂದ ದಿನ ಅಂಕಿ ಇಳಿದು, ಮಾತ್ರೆ ಕಡಿಮೆ ಮಾಡಬಹುದು ಅನಿಸುತ್ತಿತ್ತು. ಹೀಗೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಆದರೆ ಜನಕ್ಕೆ ಮಾತ್ರೆಯ ಮೇಲಿನ ನಂಬಿಕೆಯೇ ಹೋಗುತ್ತದೆ. "ಈ ಗುಳಿಗೆ ನಂಗೆ ಹತ್ತಂಗಿಲ್ಲ" ಅಂತ ಬಿಟ್ಟೇಬಿಡುತ್ತಾರೆ. ಬಿ.ಪಿ. ಇರುವವರು ಮಾತ್ರೆ ಬಿಡುವುದು ಎಷ್ಟು ಅಪಾಯ ಎಂದು ನಾನು ಬೇರೆ ಹೇಳಬೇಕಿಲ್ಲ, ಅಲ್ವಾ.

ಬಸುರಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಪಾಸಣೆಗೆ ಬಂದಾಗಲೆಲ್ಲ ತಾಯಿ ಕಾರ್ಡಿನಲ್ಲಿ ಬಿ.ಪಿ. ಬರೆಯುತ್ತೇವೆ. ಬಸುರಿನಲ್ಲಿ ಬಿ.ಪಿ. ಏರಿದರೆ ತಾಯಿಗೂ ಮಗುವಿಗೂ ಗಂಡಾಂತರ. ಆ ಅಂಕಿ ಸರಿಯಾಗಿರಲೇಬೇಕು. ವಾಕರಿಕೆ ತಡೆಯುತ್ತೆ ಅಂತ ಹೊಗೆಸೊಪ್ಪು ಕೊಡುವ ಹಿರಿಯರು ಈಗಲೂ ಇದ್ದಾರೆ. ಬಸುರಿನಲ್ಲಿ ತಂಬಾಕು ಜಗಿದರೆ ಮಗುವಿನ ತೂಕ ಕಡಿಮೆಯಾಗುತ್ತದೆ, ಹೊಟ್ಟೆಯಲ್ಲೇ ತೀರಿಹೋಗುವ ಅಪಾಯವೂ ಹೆಚ್ಚು. ಅತ್ತೆಯಂದಿರಿಗೆ ಇದನ್ನು ಬೈದು ಹೇಳಬಾರದು, ಕೂರಿಸಿಕೊಂಡು ಹೇಳಬೇಕು. ಬೈದರೆ ಮುಂದಿನ ಸಲ ಸೊಸೆಯನ್ನೇ ಕಳಿಸುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಬರೆಯುತ್ತಿಲ್ಲ. 2013ರಲ್ಲೇ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂದವು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಸುರಿದುಕೊಳ್ಳುವ ಹುಡುಗರನ್ನು ಯಾವ ಬಸ್ ನಿಲ್ದಾಣದಲ್ಲಿ ಬೇಕಾದರೂ ನೋಡಬಹುದು. ಪೊಟ್ಟಣದ ಶೇ 85 ಭಾಗ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮವೂ ಬಂತು, ಒಳ್ಳೆಯದೇ ಆಯಿತು. ಆದರೆ ಆ ಚಿತ್ರ ಕ್ಯಾನ್ಸರಿನದು. ನನಗೆ ಹುಣ್ಣು ಗಿಣ್ಣು ಏನೂ ಇಲ್ಲ ಅನ್ನುವವರಿಗೆ ಅದು ನಾಟುವುದಿಲ್ಲ. ಇನ್ನು ನಮ್ಮ ಸುಲಿಯುವ ಹೆಂಗಸರು ಕೊಳ್ಳುವುದು ಸಂತೆಯಲ್ಲಿ ಕಟ್ಟಿನಿಂದ ಕಿತ್ತು ಕೊಡುವ ಎಲೆ ಹೊಗೆಸೊಪ್ಪು. ಅದಕ್ಕೆ ಪೊಟ್ಟಣವೇ ಇಲ್ಲ, ಚಿತ್ರ ಎಲ್ಲಿಂದ ಬರಬೇಕು? ಅವರಿಗೆ ಎಚ್ಚರಿಕೆ ಹೇಳುವ ಒಂದೇ ಜಾಗ ಬಿ.ಪಿ. ನೋಡುವ ಕುರ್ಚಿ. ಮುಂದೆ ಅಂಕಿ ಕಾಣುತ್ತಿರುತ್ತದೆ, ಬಾಯಲ್ಲಿ ಎಲೆ ಇರುತ್ತದೆ. ಅಂಥ ಹೊತ್ತಿನಲ್ಲಿ ಹೇಳಿದ ಮಾತು ಕಿವಿಗೆ ಬೀಳುತ್ತದೆ.

ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರಿಗೆ ಮನೆಮನೆಯಲ್ಲಿ ತುಂಬುವ ನಮೂನೆಯಲ್ಲಿ ಬೀಡಿ ಸಿಗರೇಟಿನ ಜತೆ ಗುಟ್ಕಾ, ಖೈನಿಯ ಪ್ರಶ್ನೆಯೂ ಇದೆ. ಕಾಯಿಲೆಯ ಅಪಾಯ ಲೆಕ್ಕ ಹಾಕಲು ದಿನಾ ಬಳಸುವವರಿಗೆ 2 ಅಂಕ. ಅಂದರೆ ಪ್ರಶ್ನೆ ಇಲ್ಲವೆಂದಲ್ಲ. ಅದು ಆ ಕಾಗದದಲ್ಲೇ ಉಳಿಯುತ್ತದೆ, ಬಿ.ಪಿ. ಕಾರ್ಡಿಗೆ ಬರುವುದಿಲ್ಲ. ನಮ್ಮ ಕಡೆ ಖೈನಿ ಅಂದರೆ ಎಷ್ಟೋ ಹೆಂಗಸರಿಗೆ ಗೊತ್ತೇ ಆಗುವುದಿಲ್ಲ. "ಹೊಗೆಸೊಪ್ಪು, ಕಡ್ಡಿಪುಡಿ ಹಾಕ್ತೀರಾ, ದಿನಕ್ಕೆ ಎಷ್ಟು ಸಲ, ಕೊನೆಗೆ ಹಾಕಿದ್ದು ಯಾವಾಗ" ಎಂದು ಊರಿನ ಮಾತಿನಲ್ಲೇ ಕೇಳಬೇಕು. ಉತ್ತರವನ್ನು ಬಿ.ಪಿ. ಅಂಕಿಯ ಪಕ್ಕದಲ್ಲೇ ಬರೆಯಬೇಕು. ಇದಕ್ಕೆ ಹೊಸ ಯೋಜನೆ ಬೇಡ, ದುಡ್ಡೂ ಬೇಡ. ಗೃಹ ಆರೋಗ್ಯ ಯೋಜನೆಯಲ್ಲಿ ಈಗ ಮನೆ ಬಾಗಿಲಿಗೇ ಹೋಗಿ ಬಿ.ಪಿ. ನೋಡುತ್ತಿದ್ದಾರೆ. ಮನೆಯಲ್ಲಿ ಎಲೆ ಅಡಿಕೆ ತಟ್ಟೆ ಎದುರಿಗೇ ಇರುತ್ತದೆ. ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಆರೋಗ್ಯ ಇಲಾಖೆಯವರು ಇದನ್ನು ಒಂದು ಸುತ್ತೋಲೆಯಲ್ಲಿ ಹೇಳಿದರೆ ಸಾಕು.

ಹೊಗೆಸೊಪ್ಪು ತೆಗೆದು ಬರೀ ಎಲೆ ಅಡಿಕೆ ಹಾಕಬಹುದಾ ಅಂತ ಕೇಳುವವರೂ ಇದ್ದಾರೆ. ಅಡಿಕೆ ಬೆಳೆಯುವ ಊರಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ಹೊಗೆಸೊಪ್ಪು ಬಿಟ್ಟರೆ ನಿಕೋಟಿನ್ ಹೋಗುತ್ತದೆ, ಅದು ದೊಡ್ಡ ಲಾಭ. ಆದರೆ ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬಾರದು.

ಬಿಡಬೇಕು ಅನ್ನುವವರಿಗೆ ಎರಡು ಮಾತು. ಮೊದಲ ಕೆಲವು ದಿನ ಸಿಡಿಮಿಡಿ, ತಲೆನೋವು, ನಿದ್ದೆಗೇಡು ಇರುತ್ತದೆ. ಅದು ಕಾಯಿಲೆ ಅಲ್ಲ, ನಿಕೋಟಿನ್ ಬಿಟ್ಟಿದ್ದರ ಪರಿಣಾಮ. ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಅದರಲ್ಲೂ ನಿಕೋಟಿನ್ ಇರುವುದರಿಂದ ಬಿ.ಪಿ. ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಅದನ್ನು ಎಲೆ ಅಡಿಕೆ ಹಾಗೆ ಜಗಿಯುತ್ತಾ ಇರಬಾರದು. ಸ್ವಲ್ಪ ಜಗಿದು ಕೆನ್ನೆ ಪಕ್ಕ ಇಟ್ಟುಕೊಳ್ಳಬೇಕು. ಹೊಗೆಸೊಪ್ಪು ಬಿಟ್ಟೆ ಅಂತ ಬಿ.ಪಿ. ಮಾತ್ರೆಯನ್ನು ತಾವೇ ಬಿಡಬಾರದು. ಮತ್ತೆ ನೋಡಿಸಿ, ಅಂಕಿ ಇಳಿದಿದ್ದರೆ ಡಾಕ್ಟರೇ ಕಡಿಮೆ ಮಾಡುತ್ತಾರೆ. ತಂಬಾಕು ಬಿಡಲು ರಾಷ್ಟ್ರೀಯ ಸಹಾಯವಾಣಿ 1800-11-2356 ಇದೆ, ಕರೆಗೆ ದುಡ್ಡಿಲ್ಲ. ಈ ಸಹಾಯವಾಣಿಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಈ ನಂಬರನ್ನು ತಂಬಾಕಿನ ಪೊಟ್ಟಣದ ಮೇಲೆ ಹಾಕುತ್ತಾರೆ. ಸಂತೆಯ ಎಲೆ ಕೊಳ್ಳುವ ಅಜ್ಜಿಗೆ ಅದು ಕಾಣುವುದಿಲ್ಲ. ಮನೆಯಲ್ಲಿ ಓದು ಬರುವ ಮೊಮ್ಮಕ್ಕಳು ಇದ್ದರೆ ನಂಬರ್ ಒತ್ತಿ ಅಜ್ಜಿಯ ಕೈಗೆ ಫೋನ್ ಕೊಡಿ.

– ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ